ಏನೂ ನಡೆಯದ ಚಿತ್ರ

“ಗುರುಗಳೇ, ಏನೂ ನಡೆಯದ ಒಂದು ಚಿತ್ರವನ್ನು ನೋಡಿ ಜನ ಕಣ್ಣೊರೆಸಿಕೊಂಡರೆ, ಅವರು ನಿಜವಾಗಿ ಏನನ್ನಾದರೂ ಕಂಡಿರುತ್ತಾರೋ, ಇಲ್ಲ ಕಂಡವರ ಹಾಗೆ ನಟಿಸುತ್ತಾರೋ?”

ಶಿಷ್ಯ ಹಿಂದಿನ ದಿನ ಪೇಟೆಗೆ ಹೋಗಿದ್ದ. ಅಲ್ಲಿನ ಚಿತ್ರಸಮಾಜದವರು ಥಾಯ್ಲೆಂಡಿನ ಒಂದು ಚಿತ್ರ ತೋರಿಸಿದ್ದರು. ಅದರಲ್ಲಿ ವಯಸ್ಸಾದ ಅಕ್ಕ ತಂಗಿ ಇಬ್ಬರು. ಕಾಲುವೆಯ ದಡದಲ್ಲಿ ಕಂಬಗಳ ಮೇಲೆ ನಿಂತ ಮನೆ, ಮನೆಯ ಮೆಟ್ಟಿಲಿಗೆ ಕಟ್ಟಿದ ಒಂದು ದೋಣಿ. ಇಬ್ಬರಿಗೂ ಹುಟ್ಟು ಹಾಕುವ ಶಕ್ತಿ ಉಳಿದಿಲ್ಲ. ದೋಣಿಯನ್ನು ಯಾರಿಗೋ ಕೊಟ್ಟುಬಿಡಲು ಒಪ್ಪಿದ್ದಾರೆ. ಅವನು ಬರುವ ಮುಂಚೆ ದೋಣಿಯನ್ನು ತೊಳೆಯುತ್ತಾರೆ, ಅನ್ನ ಬೇಯಿಸುತ್ತಾರೆ, ಉಣ್ಣುತ್ತಾರೆ. ಅವನು ಬಂದು ದೋಣಿ ಒಯ್ಯುತ್ತಾನೆ. ಮರುದಿನವೂ ಅಕ್ಕ ತಂಗಿ ಅನ್ನ ಬೇಯಿಸುತ್ತಾರೆ. ಚಿತ್ರ ಮುಗಿಯುತ್ತದೆ.

ಶಿಷ್ಯ ಇಷ್ಟನ್ನೂ ಹೇಳಿದ. “ಮಾತು ಬೆರಳೆಣಿಕೆಯಷ್ಟು. ಸಂಗೀತವೂ ಇಲ್ಲ. ಕೆಲವರು ನಡುವೆಯೇ ಎದ್ದು ಹೋದರು. ಉಳಿದವರು ದೀಪ ಹಾಕಿದ ಮೇಲೂ ಏಳಲಿಲ್ಲ. ನನ್ನ ಪಕ್ಕದವರು ಅಳುತ್ತಿದ್ದರು. ನನಗೆ ಏನೂ ಕಾಣಲಿಲ್ಲ. ಅದಕ್ಕೆ ಕೇಳಿದೆ” ಎಂದ.

ಗುರುಗಳು, “ಆ ಚಿತ್ರವನ್ನು ಇನ್ನೊಂದು ಊರಿನಲ್ಲೂ ತೋರಿಸಿದ್ದರು. ಅಲ್ಲಿ ನಡೆದದ್ದನ್ನು ಹೇಳುತ್ತೇನೆ, ಕೂತುಕೋ” ಎಂದು ಹೇಳತೊಡಗಿದರು.

ಆ ಊರಿನಲ್ಲಿ ಒಬ್ಬ ವಕೀಲನಿದ್ದ. ವಿರೂಪಾಕ್ಷಪ್ಪ ಎಂದು ಹೆಸರು. ಆದರೆ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಆ ಊರಿನಲ್ಲಿ ವಕೀಲರು ಎಂದರೆ ಅವನೇ. ಪಾಟೀಸವಾಲಿಗೆ ನಿಂತನೆಂದರೆ ಎದುರಿನ ಸಾಕ್ಷಿಗೆ ಉಸಿರಾಡಲೂ ಬಿಡುವು ಸಿಗುತ್ತಿರಲಿಲ್ಲ. ಒಂದು ಪ್ರಶ್ನೆಗೆ ಉತ್ತರ ಬರುವ ಮೊದಲೇ ಇನ್ನೊಂದು ಪ್ರಶ್ನೆ. ಸಾಕ್ಷಿ ತಡವರಿಸಿದರೆ ಆ ತಡವರಿಕೆಯನ್ನೇ ಉತ್ತರ ಮಾಡಿ ನ್ಯಾಯಾಧೀಶರ ಮುಂದೆ ಇಡುತ್ತಿದ್ದ. ಅವನು ಕೆಟ್ಟವನೇನಲ್ಲ. ಸುಳ್ಳು ಮೊಕದ್ದಮೆಗೆ ಕೈ ಹಾಕುತ್ತಿರಲಿಲ್ಲ. ಬಡವರು ಬಂದರೆ ಕೂರಿಸಿ ಮಾತಾಡಿಸುತ್ತಿದ್ದ. ಆದರೆ ಸುಮ್ಮನಿರುವುದು ಅವನಿಗೆ ಗೊತ್ತಿರಲಿಲ್ಲ. ಎಲ್ಲಿ ಮಾತು ನಿಲ್ಲುತ್ತದೋ ಅಲ್ಲಿ ಏನೋ ತಪ್ಪಾಗಿದೆ ಎಂದು ಅವನಿಗೆ ಅನ್ನಿಸುತ್ತಿತ್ತು.

ಅವನ ತಾಯಿ ನೀಲಮ್ಮ ಅವನ ಮನೆಯಲ್ಲೇ ಇದ್ದಳು. ಆ ವರ್ಷ ಅವಳಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಆಸ್ಪತ್ರೆಯಿಂದ ಮನೆಗೆ ಕರೆತಂದರು. ವಕೀಲನ ಹೆಂಡತಿ ಸರ್ವಮಂಗಳ ಅತ್ತೆಗೆ ಮೈ ಒರೆಸುತ್ತಿದ್ದಳು, ಮಗ್ಗುಲು ಬದಲಿಸುತ್ತಿದ್ದಳು, ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ಮೊದಮೊದಲು ಮುದುಕಿ ಚೆನ್ನಾಗಿಯೇ ಕುಡಿದಳು. ಬರಬರುತ್ತ ಬಾಯಿ ತೆರೆಯುವುದನ್ನು ಕಡಿಮೆ ಮಾಡಿದಳು. ಕೊನೆಗೆ ಚಮಚ ಹತ್ತಿರ ತಂದರೆ ತುಟಿ ಬಿಗಿದು ಮುಖ ತಿರುಗಿಸುವಷ್ಟಾಯಿತು.

ವಕೀಲ ದಿನಾ ಸಂಜೆ ಕೋರ್ಟಿನಿಂದ ಬಂದವನೇ ತಾಯಿಯ ಕೋಣೆಗೆ ಹೋಗುತ್ತಿದ್ದ. ನಿಂತುಕೊಂಡೇ ಮಾತು ಶುರು ಮಾಡುತ್ತಿದ್ದ.

“ಅವ್ವ, ನೋವಿದೆಯಾ? ಬೆನ್ನು ನೋವಾ? ನೀರು ಬೇಕಾ? ಸೆಕೆಯಾ? ಫ್ಯಾನ್ ಜೋರು ಮಾಡಲಾ? ಯಾಕೆ ಊಟ ಬಿಟ್ಟಿದ್ದೀಯ? ಸರ್ವಮಂಗಳ ಏನಾದರೂ ಅಂದಳಾ? ಸೇರುತ್ತಿಲ್ಲವಾ?”

ತಾಯಿ ಒಮ್ಮೆ ಅವನನ್ನು ನೋಡುತ್ತಿದ್ದಳು. ಎಡಗೈಯನ್ನು ಹಾಸಿಗೆಯ ಮೇಲೆ ಸ್ವಲ್ಪ ಆಡಿಸುತ್ತಿದ್ದಳು. ಅಷ್ಟರಲ್ಲಿ ಅವನು ಮುಂದಿನ ಪ್ರಶ್ನೆಗೆ ಹೋಗಿರುತ್ತಿದ್ದ. ಅವಳು ಕಣ್ಣು ಮುಚ್ಚಿಬಿಡುತ್ತಿದ್ದಳು. ಅವನು ಹೊರಗೆ ಬಂದು ಹೆಂಡತಿಗೆ, “ಏನು ಕೇಳಿದರೂ ಏನೂ ಇಲ್ಲ. ಅವ್ವನಿಗೆ ತಿಳಿವಳಿಕೆಯೇ ಹೋಗಿದೆ” ಎನ್ನುತ್ತಿದ್ದ. ಹೀಗೆ ಹೇಳಿದವನೇ ಫೋನು ಹಿಡಿದು ಯಾರ ಜೊತೆಗಾದರೂ ಮಾತಾಡಲು ಹೋಗುತ್ತಿದ್ದ.

ಡಾಕ್ಟರು ಬಂದು ನೋಡಿದರು. ಹೊಟ್ಟೆಯಲ್ಲಿ ತೊಂದರೆ ಇಲ್ಲ, ಗಂಟಲಿನಲ್ಲಿ ತೊಂದರೆ ಇಲ್ಲ ಎಂದರು. ಹೀಗೇ ಬಿಟ್ಟರೆ ಹೆಚ್ಚು ದಿನ ಉಳಿಯುವುದಿಲ್ಲ ಎಂದೂ ಹೇಳಿದರು. ಮೂಗಿನಲ್ಲಿ ನಳಿಕೆ ಇಳಿಸಿ ಆಹಾರ ಕೊಡಬೇಕು, ಅದಕ್ಕೆ ನರ್ಸಿಂಗ್ ಹೋಮಿಗೆ ಸೇರಿಸುವುದು ಒಳ್ಳೆಯದು ಎಂದರು. ವಕೀಲ ಒಪ್ಪಿದ. ಸೋಮವಾರ ಕರೆದೊಯ್ಯುವುದೆಂದು ನಿಶ್ಚಯವಾಯಿತು.

ಅದಕ್ಕೂ ಮೊದಲಿನ ಶನಿವಾರ ಸಂಜೆ ಊರಿನ ಗ್ರಂಥಾಲಯದ ಸಭಾಂಗಣದಲ್ಲಿ ಆ ಥಾಯ್ ಚಿತ್ರ ಇತ್ತು. ಚಿತ್ರಸಮಾಜ ನಡೆಸುತ್ತಿದ್ದವರು ಇಕ್ಬಾಲ್ ಎಂಬ ನಿವೃತ್ತ ಮೇಷ್ಟ್ರು. ವಕೀಲನ ಜೊತೆ ಓದಿದವರು, ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಅವರೊಬ್ಬರೇ. ಅವರು ಮನೆಗೇ ಬಂದು, “ವಿರೂಪಾಕ್ಷಿ, ಒಂದು ಸಂಜೆ ಬಂದು ಕೂತ್ಕೊ. ಮನೆ ಚಿಂತೆ ಸ್ವಲ್ಪ ಮರೀತೀಯ” ಎಂದು ಕರೆದಿದ್ದರು. ಮರೆಯುವ ಆಸೆಯಿಂದಲೇ ಅವನು ಹೋದ.

ಚಿತ್ರ ಶುರುವಾಯಿತು. ಅಕ್ಕ ದೋಣಿಗೆ ನೀರು ಹುಯ್ದಳು, ತಂಗಿ ತೆಂಗಿನ ನಾರಿನಿಂದ ಉಜ್ಜಿದಳು. ವಕೀಲ ಈಗ ಏನಾದರೂ ಆಗುತ್ತದೆ ಎಂದು ಕಾದ. ಅಕ್ಕ ಮತ್ತೆ ನೀರು ಹುಯ್ದಳು. ತಂಗಿ ಮತ್ತೆ ಉಜ್ಜಿದಳು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಯಾರೋ ಎದ್ದು ಹೋದರು. ಮೌನ ಅವನ ಎದೆಯ ಮೇಲೆ ಬಂದು ಕೂತ ಹಾಗಾಯಿತು. ಸೋಮವಾರದ ನೆನಪಾಯಿತು. ನಳಿಕೆಯ ನೆನಪಾಯಿತು. ಅವನು ಜೇಬಿನಿಂದ ಫೋನು ತೆಗೆದು ಅಂಗೈಯಲ್ಲಿ ಮರೆ ಮಾಡಿಕೊಂಡು ಸುದ್ದಿ ಓದತೊಡಗಿದ. ಆಗಾಗ ತಲೆಯೆತ್ತಿ ನೋಡಿದ. ಪರದೆಯ ಮೇಲೆ ಅನ್ನ ಬೇಯುತ್ತಿತ್ತು.

ಚಿತ್ರ ಮುಗಿದ ಮೇಲೆ ದೀಪ ಹಾಕಿದರು. ಇಕ್ಬಾಲ್ ಮೇಷ್ಟ್ರು ಮುಂದೆ ಬಂದು, ಯಾರಿಗೆ ಏನನ್ನಿಸಿತೋ ಹೇಳಬಹುದು ಎಂದರು. ಯಾರೂ ಬಾಯಿ ತೆರೆಯಲಿಲ್ಲ. ಆ ಮೌನವನ್ನೂ ತಡೆಯಲಾರದೆ ವಕೀಲನೇ ಎದ್ದು ನಿಂತ.

“ಸ್ವಾಮಿ, ದೋಣಿ ತೊಳೆಯೋದು ನೋಡೋಕೆ ನಾವು ಥಾಯ್ಲೆಂಡಿನವರೆಗೆ ಹೋಗಬೇಕಿತ್ತಾ? ನಮ್ಮ ಮನೆ ಹಿಂದೆ ದಿನಾ ಎಮ್ಮೆ ತೊಳೀತಾರೆ. ಟಿಕೆಟ್ಟೂ ಇಲ್ಲ. ಎಮ್ಮೆಯಾದರೆ ನಡುವೆ ಒಂದು ಸಲ ಕೂಗುತ್ತೆ.”

ಜನ ನಕ್ಕರು. ಇಕ್ಬಾಲ್ ಮೇಷ್ಟ್ರೂ ನಕ್ಕರು. ವಕೀಲನಿಗೆ ಹಗುರವಾಯಿತು. “ಇದರಲ್ಲಿ ಏನು ನಡೀತು, ಯಾರಾದರೂ ಹೇಳಿ” ಎಂದು ಕೂತ.

ಆ ನಗುವಿನಿಂದ ಉಳಿದವರಿಗೂ ಬಾಯಿ ಬಂತು. ಹಿಟ್ಟಿನ ಗಿರಣಿಯ ಮಾಲೀಕ ಎದ್ದ. ಅವನದು ಸದಾ ದೊಡ್ಡ ಗಂಟಲು. ಆದರೆ ಅವತ್ತು ಮೆಲ್ಲಗೆ ಮಾತಾಡಿದ. “ಏನು ನಡೀತು ಅಂತ ನನಗೂ ಗೊತ್ತಿಲ್ಲ ವಕೀಲರೇ. ಬೆಳಗಿನಿಂದ ಸಂಜೆವರೆಗೆ ಗಿರಣಿ ಸದ್ದು ಕೇಳಿ ಕೇಳಿ ನನಗೆ ಕಿವಿ ಇದೆ ಅನ್ನೋದೇ ಮರೆತಿತ್ತು. ಇವತ್ತು ಆ ಅನ್ನದ ಕುದಿ ಕೇಳಿಸಿತು ನೋಡಿ. ಮುಚ್ಚಳ ಅಲ್ಲಾಡಿದ್ದು ಕೇಳಿಸಿತು. ಇನ್ನೂ ಸ್ವಲ್ಪ ಹೊತ್ತು ಕುದಿಯಲಿ ಅನ್ನಿಸಿತು.”

ಒಬ್ಬ ಬ್ಯಾಂಕಿನ ನೌಕರ, ತನಗೆ ನಿದ್ದೆ ಬಂತೆಂದು ಒಪ್ಪಿಕೊಂಡ. “ಆದರೆ ಎಂಥ ನಿದ್ದೆ ಅಂತೀರಿ! ಎದ್ದಾಗ ಅಕ್ಕ ತಂಗಿ ಇಬ್ಬರೂ ಅಲ್ಲೇ ಕೂತಿದ್ದರು. ಮನೆಯವರು ಕಾಯ್ತಾ ಕೂತ ಹಾಗೆ ಇತ್ತು” ಎಂದ. ಒಬ್ಬ ತರುಣಿ, ಮೊದಲರ್ಧ ಎದ್ದು ಹೋಗಬೇಕೆನಿಸಿತು, ಆಮೇಲೆ ಬೇಸರವೇ ತನ್ನನ್ನು ಬಿಟ್ಟು ಎದ್ದು ಹೋಯಿತು ಎಂದಳು. ಇನ್ನೊಬ್ಬ ಮಾತ್ರ ತಲೆಯಾಡಿಸಿ, “ನನಗೆ ಹಿಡಿಸಲಿಲ್ಲಪ್ಪ. ಕತೆ ಬೇಕು ನನಗೆ” ಎಂದ. ಇಕ್ಬಾಲ್ ಮೇಷ್ಟ್ರು, “ಅದೂ ಸರಿಯೇ” ಎಂದರು.

ಕೊನೆಗೆ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಬಹಳ ವರ್ಷ ಹೆಡ್ ಮಿಸ್ಟ್ರೆಸ್ ಆಗಿದ್ದ ಪ್ರಭಾವತಿಯವರು ಮಾತಾಡಿದರು. ಕೂತಲ್ಲಿಂದಲೇ ಮಾತಾಡಿದರು. ಅವರ ಕಣ್ಣು ಇನ್ನೂ ಒದ್ದೆಯಾಗಿತ್ತು.

“ದೋಣಿ ಹೋದ ಮರುದಿನ ತಂಗಿ ಮೆಟ್ಟಿಲಿಳಿದು ಬರ್ತಾಳಲ್ಲ, ಕೊನೆ ಮೆಟ್ಟಿಲಲ್ಲಿ ನಿಂತು ಕಾಲು ಮುಂದೆ ಚಾಚ್ತಾಳೆ. ದೋಣಿಗೆ ಇಡೋ ಕಾಲು. ದೋಣಿ ಇಲ್ಲ. ಕಾಲು ಹಾಗೇ ಗಾಳೀಲಿ ನಿಲ್ಲುತ್ತೆ. ಆಮೇಲೆ ಯಾರಾದರೂ ನೋಡಿದರೇನೋ ಅನ್ನೋ ಹಾಗೆ ಹಿಂದಕ್ಕೆ ಎಳ್ಕೊಳ್ತಾಳೆ. ನಮ್ಮ ಯಜಮಾನರು ಹೋದ ಮೇಲೆ ನಾನೂ ಎಷ್ಟೋ ದಿನ ಎರಡು ಲೋಟ ಕಾಫಿ ಬೆರೆಸ್ತಿದ್ದೆ.”

ಅಲ್ಲಿಗೆ ಸಭೆ ಮುಗಿಯಿತು.

ವಕೀಲ ಬಾಗಿಲ ಬಳಿ ಇಕ್ಬಾಲ್ ಮೇಷ್ಟ್ರನ್ನು ಹಿಡಿದ. “ಕಾಲು ಚಾಚಿದ್ದು ಯಾವಾಗ? ನಾನು ನೋಡಲಿಲ್ಲವಲ್ಲ?”

“ಕೊನೆಯಲ್ಲಿ. ಬಹಳ ಹೊತ್ತು ಇತ್ತು.”

“ನಾನು ಇಲ್ಲೇ ಕೂತಿದ್ದೆ.”

“ಕೂತಿದ್ದೆ” ಎಂದರು ಇಕ್ಬಾಲ್ ಮೇಷ್ಟ್ರು. ಅದರಲ್ಲಿ ಚುಚ್ಚುಮಾತೇನೂ ಇರಲಿಲ್ಲ. “ನಾಳೆ ಬೆಳಿಗ್ಗೆ ಕಾಲೇಜಿನ ಹುಡುಗರಿಗೆ ಅಂತ ಇನ್ನೊಂದು ಸಲ ಹಾಕ್ತೀವಿ. ಬೇಕಾದರೆ ಬಾ.”

ವಕೀಲ ಮನೆಗೆ ನಡೆದ. ಅವನಿಗೆ ಒಂದು ಹೆಮ್ಮೆ ಇತ್ತು. ಕಟಕಟೆಯಲ್ಲಿ ನಿಂತ ಸಾಕ್ಷಿಯ ರೆಪ್ಪೆ ಅಲುಗಿದರೂ ತನಗೆ ಕಾಣುತ್ತದೆ ಎಂದು ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದ. ಪರದೆಯಷ್ಟು ದೊಡ್ಡದಾಗಿ ತೋರಿಸಿದ ಒಂದು ಕಾಲು ಕಾಣಲಿಲ್ಲ ಎನ್ನುವುದನ್ನು ಅವನು ನುಂಗಿಕೊಳ್ಳಲಾರದೆ ಹೋದ. ಊಟಕ್ಕೆ ಕೂತಾಗ ಹೆಂಡತಿ, “ಸಿನಿಮಾ ಹೇಗಿತ್ತು?” ಎಂದು ಕೇಳಿದಳು. “ಗೊತ್ತಿಲ್ಲ” ಎಂದ. ಗೊತ್ತಿಲ್ಲ ಎನ್ನುವ ಮಾತು ಅವನ ಬಾಯಿಂದ ಬಂದದ್ದನ್ನು ಅವಳು ಅದುವರೆಗೆ ಕೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವನು ಫೋನನ್ನು ಮನೆಯಲ್ಲೇ ಬಿಟ್ಟು ಹೋಗಿ ಮುಂದಿನ ಸಾಲಿನಲ್ಲಿ ಕೂತ. ಆ ಒಂದು ಕಾಲನ್ನು ಹಿಡಿಯಬೇಕೆಂಬ ಹಟದಿಂದಲೇ ಕೂತ.

ಅಕ್ಕ ನೀರು ಹುಯ್ದಳು, ತಂಗಿ ಉಜ್ಜಿದಳು. ಮತ್ತೆ ಅದೇ ಚಡಪಡಿಕೆ ಬಂತು. ಕೈ ತಾನಾಗಿ ಜೇಬಿಗೆ ಹೋಯಿತು. ಜೇಬು ಖಾಲಿಯಾಗಿತ್ತು. ಮನಸ್ಸು ಸೋಮವಾರಕ್ಕೆ ಹೋಯಿತು, ಡಾಕ್ಟರ ಮಾತಿಗೆ ಹೋಯಿತು, ಬರಲಿರುವ ಮೊಕದ್ದಮೆಗೆ ಹೋಯಿತು. ಎಲ್ಲ ಕಡೆ ಹೋಗಿ ಬಂತು. ಬಂದಾಗಲೂ ತಂಗಿ ಉಜ್ಜುತ್ತಲೇ ಇದ್ದಳು. ಅವಳಿಗೆ ಅವಸರವಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ವಕೀಲನಿಗೂ ಎಲ್ಲಿಗೂ ಹೋಗಬೇಕೆನಿಸಲಿಲ್ಲ.

ಆಗ ಅವನಿಗೆ ಕಾಣತೊಡಗಿತು. ತಂಗಿ ದೋಣಿಯ ಎಲ್ಲ ಕಡೆಯನ್ನೂ ಜೋರಾಗಿ ಉಜ್ಜಿದಳು, ಕೂರುವ ಹಲಗೆಯ ಒಂದು ಮೂಲೆಯನ್ನು ಮಾತ್ರ ಬರಿಗೈಯಿಂದ ಒರೆಸಿದಳು. ಅಲ್ಲಿ ಯಾರು ಕೂರುತ್ತಿದ್ದರು ಎಂದು ಚಿತ್ರ ಹೇಳಲಿಲ್ಲ. ಅಕ್ಕ ಅದನ್ನು ನೋಡಿ, ಕೊಡದಲ್ಲಿದ್ದ ನೀರನ್ನು ಆ ಕಡೆಗೆ ಹುಯ್ಯದೆ ಬೇರೆ ಕಡೆಗೆ ಹುಯ್ದಳು. ಇಬ್ಬರೂ ಒಂದು ಮಾತೂ ಆಡಲಿಲ್ಲ. ಊಟಕ್ಕೆ ಕೂತಾಗ ಅಕ್ಕ ಮೀನಿನ ದೊಡ್ಡ ತುಂಡನ್ನು ತಂಗಿಯ ತಟ್ಟೆಗೆ ಇಟ್ಟಳು, ತಂಗಿ ಅದನ್ನು ಮುರಿದು ಅರ್ಧ ಹಿಂದಕ್ಕೆ ಇಟ್ಟಳು. ದೋಣಿ ಒಯ್ಯುವವನು ಬಂದಾಗ ಅಕ್ಕ ತಲೆಯೆತ್ತದೆ ಹಗ್ಗ ಬಿಚ್ಚಿಕೊಟ್ಟಳು. ಗಂಟು ಬಿಗಿಯಾಗಿತ್ತು. ಅವಳು ಅವಸರ ಮಾಡಲಿಲ್ಲ. ಗಂಟು ಬಿಚ್ಚುವವರೆಗೆ ದೋಣಿ ಅವರದೇ ಆಗಿತ್ತು.

ಮರುದಿನದ ಬೆಳಗು ಬಂತು. ತಂಗಿ ಮೆಟ್ಟಿಲಿಳಿದಳು. ಕಾಲು ಚಾಚಿದಳು. ಕಾಲು ಗಾಳಿಯಲ್ಲಿ ನಿಂತಿತು. ವಕೀಲ ತನ್ನ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ಅವಳು ಬೀಳುತ್ತಾಳೇನೋ ಎಂದು ಹಿಡಿಯುವವನ ಹಾಗೆ ಬಾಗಿದ.

ದೀಪ ಹಾಕಿದರು. ಹುಡುಗರು ಏನೇನೋ ಮಾತಾಡಿಕೊಂಡರು. ವಕೀಲ ಎದ್ದು ನಿಲ್ಲಲಿಲ್ಲ, ಮಾತಾಡಲಿಲ್ಲ. ಚಿತ್ರ ಏನನ್ನೂ ಬಚ್ಚಿಟ್ಟಿರಲಿಲ್ಲ. ನಿನ್ನೆಯೂ ಇದೆಲ್ಲ ಇದೇ ಪರದೆಯ ಮೇಲೆ ಅವನ ಕಣ್ಣಮುಂದೆಯೇ ಇತ್ತು. ಇಷ್ಟೆಲ್ಲ ತೋರಿಸಿದ ಚಿತ್ರದ ಮುಂದೆ ತಾನು ಎಮ್ಮೆಯ ಮಾತಾಡಿದೆನಲ್ಲ ಎಂದು ನಾಚಿಕೆಯಾಯಿತು. ಆ ನಾಚಿಕೆಯ ಹಿಂದೆಯೇ ಇನ್ನೊಂದು ಯೋಚನೆ ಬಂತು. ಅದು ಬಂದದ್ದೇ ಅವನು ಎದ್ದು ಮನೆಯ ಕಡೆಗೆ ಬಿರಬಿರನೆ ನಡೆದ. ಇಕ್ಬಾಲ್ ಮೇಷ್ಟ್ರು ಹಿಂದಿನಿಂದ ಕರೆದದ್ದೂ ಅವನಿಗೆ ಕೇಳಿಸಲಿಲ್ಲ.

ಸರ್ವಮಂಗಳ ನರ್ಸಿಂಗ್ ಹೋಮಿಗೆ ಬೇಕಾದ ಬಟ್ಟೆ ಮಡಚುತ್ತಿದ್ದಳು. ವಕೀಲ ಅವಳನ್ನು ಮಾತಾಡಿಸದೆ ತಾಯಿಯ ಕೋಣೆಗೆ ಹೋದ. ಒಂದು ಸ್ಟೂಲು ಎಳೆದು ಮಂಚದ ಪಕ್ಕ ಹಾಕಿಕೊಂಡು ಕೂತ.

ತಾಯಿ ಅವನನ್ನು ನೋಡಿದಳು. ಪ್ರಶ್ನೆಗಳು ಬರುತ್ತವೆ ಎಂದು ಕಾದಳು. ಪ್ರಶ್ನೆ ಬರಲಿಲ್ಲ. ಅವಳು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ತೆರೆದು, ಇನ್ನೂ ಇದ್ದಾನೋ ಎಂದು ನೋಡಿದಳು. ಅವನು ಇದ್ದ.

ಅವನಿಗೆ ಅದು ಸುಲಭವಾಗಿರಲಿಲ್ಲ. ಅವ್ವನ ಮುಖವನ್ನು ಅಷ್ಟು ಹೊತ್ತು ಅವನು ನೋಡಿರಲಿಲ್ಲ. ಕೆನ್ನೆ ಒಳಗೆ ಸರಿದಿತ್ತು. ತುಟಿಯ ಒಂದು ಕೊನೆ ಕೆಳಗೆ ಜೋತಿತ್ತು. ನಾಲಿಗೆಯ ತುದಿಗೆ ಮಾತು ಬಂತು, ಅವನು ಅದನ್ನು ಹಿಡಿದುಕೊಂಡ.

ಹೊರಗೆ ಬೀದಿಯಲ್ಲಿ ಸೈಕಲ್ಲಿನ ಗಂಟೆ ಕೇಳಿಸಿತು. ತಾಯಿಯ ಕಣ್ಣು ಮೇಲಕ್ಕೆ, ತಲೆಯ ಹಿಂದಕ್ಕೆ ಹೋಯಿತು. ಹೋಗುವಷ್ಟು ಹೋಗಿ ನಿಂತಿತು. ಆಮೇಲೆ ಇಳಿದು ಎದುರಿನ ಗೋಡೆಗೆ ಬಂತು. ಅವಳು ಕಣ್ಣು ಮುಚ್ಚಿದಳು.

ಮಕ್ಕಳು ಓಡಿದ ಸದ್ದಾಯಿತು. ಮತ್ತೆ ಕಣ್ಣು ಹಿಂದಕ್ಕೆ ಹೋಯಿತು. ಮತ್ತೆ ಗೋಡೆಗೆ ಬಂತು. ಯಾರೋ ಯಾರನ್ನೋ ಕೂಗಿ ಕರೆದರು. ಈ ಸಲ ಕಣ್ಣಿನ ಜೊತೆಗೆ ಎಡಗೈಯೂ ಅಲುಗಿತು. ಹಾಸಿಗೆಯ ಮೇಲೆ ಅಂಗಾತ ಇದ್ದ ಅಂಗೈ ಮಗುಚಿಕೊಂಡಿತು. ಮತ್ತೆ ಅಂಗಾತವಾಯಿತು. ಮತ್ತೆ ಮಗುಚಿಕೊಂಡಿತು. ಅದನ್ನು ವಕೀಲ ಎಷ್ಟೋ ಸಲ ನೋಡಿದ್ದ. ನರದ ದೋಷದಿಂದ ಕೈ ಆಡುತ್ತದೆ ಎಂದುಕೊಂಡಿದ್ದ.

ಅವನು ತಾಯಿಯ ತಲೆಯ ಹಿಂದೆ ನೋಡಿದ. ಅಲ್ಲಿ ಕಿಟಕಿ ಇತ್ತು. ಆಸ್ಪತ್ರೆಯಿಂದ ತಂದ ದಿನ, ಡ್ರಿಪ್ ಹಾಕಲು ಕಿಟಕಿಯ ಸರಳು ಅನುಕೂಲವೆಂದು ಮಂಚದ ತಲೆಯನ್ನು ಆ ಕಡೆಗೆ ಮಾಡಿದ್ದರು. ಡ್ರಿಪ್ ತೆಗೆದು ತಿಂಗಳುಗಳೇ ಆಗಿದ್ದವು. ಮಂಚ ಹಾಗೆಯೇ ಇತ್ತು. ಈ ಕಿಟಕಿಯಲ್ಲಿ ಕೂತು ಸೊಪ್ಪು ಸೋಸುತ್ತ, ಬೀದಿಯಲ್ಲಿ ಹೋಗಿ ಬರುವವರನ್ನೆಲ್ಲ ಮಾತಾಡಿಸುತ್ತ ತನ್ನ ದಿನ ಕಳೆದವಳು ನೀಲಮ್ಮ. ಈಗ ಅವಳಿಗೆ ಬೀದಿಯೆಲ್ಲ ಕೇಳಿಸುತ್ತಿತ್ತು, ಕಾಣುತ್ತಿದ್ದದ್ದು ಸುಣ್ಣ ಬಳಿದ ಗೋಡೆ.

ಇದು ತಾನು ಕಟ್ಟಿಕೊಂಡ ಊಹೆ ಇರಬಹುದೇ ಎಂದೂ ವಕೀಲನಿಗೆ ಅನ್ನಿಸಿತು. ಅವನು ಬಾಗಿ, ತಾಯಿಯ ಮುಖದ ಹತ್ತಿರ ತನ್ನ ಮುಖ ತಂದು ಕೇಳಿದ.

“ಅವ್ವ, ಮಂಚ ತಿರುಗಿಸಲಾ?”

ಕೇಳಿ ಸುಮ್ಮನಾದ. ಅವಳು ನೋಡಿದಳು. ಉತ್ತರ ಬರಲಿಲ್ಲ. ಇನ್ನೊಂದು ಪ್ರಶ್ನೆ ಅವನ ಗಂಟಲವರೆಗೆ ಬಂತು. ಅವನು ಕೇಳಲಿಲ್ಲ. ಬೀದಿಯಲ್ಲಿ ಒಂದು ಗಾಡಿ ಹೋಯಿತು. ಅದರ ಸದ್ದು ದೂರವಾಗುವವರೆಗೂ ಅವನು ಕಾದ. ದೂರವಾದ ಮೇಲೂ ಕಾದ. ಜೀವಮಾನದಲ್ಲಿ ಯಾರ ಉತ್ತರಕ್ಕೂ ಅವನು ಅಷ್ಟು ಕಾದಿರಲಿಲ್ಲ.

ತಾಯಿಯ ಎಡಗೈ ಎದ್ದಿತು. ನಿಧಾನವಾಗಿ ಬಂದು ಅವನ ಮಣಿಕಟ್ಟಿನ ಮೇಲೆ ಕೂತಿತು. ಅಂಗೈ ಮಗುಚಿತು. ಅವಳ ಕಣ್ಣಿನಿಂದ ನೀರು ಇಳಿದು ಕಿವಿಯ ಕಡೆಗೆ ಹರಿಯಿತು.

ವಕೀಲ ಹೆಂಡತಿಯನ್ನು ಕೂಗಿದ. ಅವಳು ಗಾಬರಿಯಾಗಿ ಓಡಿ ಬಂದಳು. “ಆ ಕಡೆ ಹಿಡಿ” ಎಂದ. “ಯಾಕ್ರೀ, ಏನಾಯ್ತು?” ಎಂದು ಅವಳು ಕೇಳಿದಳು. “ಹಿಡಿ” ಎಂದ. ಇಬ್ಬರೂ ಸೇರಿ, ಮುದುಕಿ ಮಲಗಿದ್ದ ಹಾಗೆಯೇ ಮಂಚವನ್ನು ಎಳೆದು ತಿರುಗಿಸಿದರು. ಬೆನ್ನಿಗೆ ದಿಂಬುಗಳನ್ನು ಒಟ್ಟಿ ಅವಳನ್ನು ಒರಗಿಸಿ ಕೂರಿಸಿದರು. ಕಿಟಕಿಯ ಬಾಗಿಲನ್ನು ಪೂರ್ತಿ ತೆರೆದರು.

ನೀಲಮ್ಮ ನೋಡಿದಳು. ಬಹಳ ಹೊತ್ತು ರೆಪ್ಪೆ ಬಡಿಯದೆ ನೋಡಿದಳು. ಬೀದಿಯಲ್ಲಿ ಹೆಚ್ಚಿನದೇನೂ ಇರಲಿಲ್ಲ. ಎದುರು ಮನೆಯವರು ಒಗೆದ ಬಟ್ಟೆ ಹರವಿದ್ದರು. ಒಂದು ನಾಯಿ ನೆರಳು ಹುಡುಕುತ್ತಿತ್ತು. ಸೊಪ್ಪು ಮಾರುವ ಹೆಂಗಸು ಬುಟ್ಟಿ ಹೊತ್ತು ಬಂದವಳು ಕಿಟಕಿಯ ಕಡೆ ನೋಡಿ ಗಕ್ಕನೆ ನಿಂತಳು.

“ಅಯ್ಯೋ ನೀಲವ್ವ! ಎಲ್ಲೋಗಿದ್ದೆ ಇಷ್ಟ್ ದಿನ? ಕಿಟ್ಕಿ ಬಣಗುಟ್ತಿತ್ತು ಕಣವ್ವ!”

ನೀಲಮ್ಮನ ತುಟಿಯ ಎಡಗೊನೆ ಮೇಲಕ್ಕೆ ಎದ್ದಿತು. ಗಂಟಲಿನಿಂದ ಒಂದು ಸದ್ದು ಬಂತು. ಅದು ಮಾತಲ್ಲ. ಆದರೆ ಸೊಪ್ಪಿನವಳು ಅದಕ್ಕೆ ಉತ್ತರ ಕೊಟ್ಟಳು. “ಹೂಂ ಕಣವ್ವ, ನಾನೂ ಚೆನ್ನಾಗಿವ್ನಿ” ಎಂದು ಬುಟ್ಟಿ ಇಳಿಸಿ, ಒಂದು ಕಟ್ಟು ಮೆಂತ್ಯದ ಸೊಪ್ಪನ್ನು ಸರಳುಗಳ ನಡುವೆ ಒಳಗಿಟ್ಟು ಹೋದಳು.

ಸರ್ವಮಂಗಳ ಗೋಡೆಗೆ ಒರಗಿ ಅತ್ತಳು. “ದಿನಾ ಇಲ್ಲೇ ಇದ್ದೆ ಕಣ್ರೀ. ಮೈ ಒರೆಸಿದೆ, ತಲೆ ಬಾಚಿದೆ. ನನಗೂ ಕಾಣಲಿಲ್ಲವಲ್ಲ” ಎಂದಳು.

“ನಿನಗೆ ಕೈ ತುಂಬ ಕೆಲಸ ಇತ್ತು” ಎಂದ ವಕೀಲ. “ನನಗೆ ಬಾಯಿ ತುಂಬ ಮಾತಿತ್ತು.”

ಅಂದು ಮಧ್ಯಾಹ್ನ ಸರ್ವಮಂಗಳ ಗಂಜಿ ತಂದಳು. ನೀಲಮ್ಮ ಮೊದಲ ಚಮಚಕ್ಕೆ ಬಾಯಿ ತೆರೆಯಲಿಲ್ಲ. ಅವಳು ಕಿಟಕಿಯಲ್ಲಿ ಯಾರೋ ಹೋಗುವುದನ್ನು ನೋಡುತ್ತಿದ್ದಳು. ಅವರು ಹೋದ ಮೇಲೆ ಬಾಯಿ ತೆರೆದಳು. ಬಟ್ಟಲು ಪೂರ್ತಿ ಮುಗಿಯಲಿಲ್ಲ, ಅರ್ಧ ಮುಗಿಯಿತು. ಸೋಮವಾರ ನರ್ಸಿಂಗ್ ಹೋಮಿನ ಗಾಡಿ ಬರಬೇಕಿತ್ತು. ವಕೀಲ ಡಾಕ್ಟರಿಗೆ ಫೋನು ಮಾಡಿ, ಇನ್ನು ಕೆಲವು ದಿನ ಕಾದು ನೋಡುತ್ತೇವೆ ಎಂದ. ಡಾಕ್ಟರು, “ಏನಾಯಿತು?” ಎಂದು ಕೇಳಿದರು. “ಮಂಚ ತಿರುಗಿಸಿದೆವು” ಎಂದ. ಡಾಕ್ಟರು, “ಒಳ್ಳೆಯದು” ಎಂದರು.

ನೀಲಮ್ಮನಿಗೆ ಮಾತು ಮರಳಿ ಬರಲಿಲ್ಲ. ಬಲಗೈಯೂ ಏಳಲಿಲ್ಲ. ಆದರೆ ನಳಿಕೆಯ ಮಾತು ಮತ್ತೆ ಬರಲಿಲ್ಲ. ಅವಳು ಮುಂದಿನ ಬೇಸಿಗೆಯನ್ನು ಕಂಡಳು, ಅದರ ಮುಂದಿನ ಮಳೆಗಾಲವನ್ನೂ ಕಂಡಳು. ಸಂಜೆ ಕೋರ್ಟಿನಿಂದ ಬಂದ ವಕೀಲ ಅವಳ ಪಕ್ಕ ಕೂತು ಬೀದಿ ನೋಡುತ್ತಿದ್ದ. ಒಂದೊಂದು ಸಲ ದೀಪ ಹಚ್ಚುವವರೆಗೂ ಇಬ್ಬರೂ ಒಂದು ಮಾತೂ ಆಡುತ್ತಿರಲಿಲ್ಲ. ಆಕೆ ತೀರಿಕೊಂಡದ್ದು ಆ ಕಿಟಕಿಯ ಮುಂದೆಯೇ, ಒಂದು ಬೆಳಿಗ್ಗೆ, ಮಗನ ಕೈ ಹಿಡಿದುಕೊಂಡು.

ಕೋರ್ಟಿನಲ್ಲಿಯೂ ವಕೀಲ ಬದಲಾದ ಎಂದು ಜನ ಹೇಳಿದರು. ಒಂದು ಪ್ರಶ್ನೆ ಕೇಳಿ ಕಾಯುತ್ತಿದ್ದನಂತೆ. ಕೆಲವರು ಅವನಿಗೆ ವಯಸ್ಸಾಯಿತು ಎಂದರು. ಎದುರು ಪಕ್ಷದ ವಕೀಲರು ಮಾತ್ರ ಹಾಗೆ ಹೇಳಲಿಲ್ಲ. ಅವರಿಗೆ ಅವನನ್ನು ಕಂಡರೆ ಮೊದಲಿಗಿಂತ ಹೆಚ್ಚು ಅಂಜಿಕೆಯಾಗುತ್ತಿತ್ತು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಶಿಷ್ಯ ತಲೆ ತಗ್ಗಿಸಿ ಕೂತಿದ್ದ. ಅವನಿಗೆ ಕತೆ ಹಿಡಿಸಿತ್ತು. ಆದರೆ ಮನಸ್ಸಿನಲ್ಲಿ ಒಂದು ಚೂರು ತಕರಾರು ಉಳಿದಿತ್ತು. ಅದನ್ನೂ ಕೇಳಿಬಿಟ್ಟ.

“ಒಪ್ಪಿದೆ ಗುರುಗಳೇ. ಅವರು ಕಂಡದ್ದು ನಿಜ. ಆದರೂ ಆ ಚಿತ್ರವನ್ನು ಇನ್ನೂ ಸ್ವಲ್ಪ ಚುರುಕಾಗಿ ತೆಗೆದಿದ್ದರೆ ಏನು ಹೋಗುತ್ತಿತ್ತು?”

ಗುರುಗಳು ಅವನನ್ನು ನೋಡಿ ಹೇಳಿದರು:

“ಯಾರೂ ನಡುವೆ ಎದ್ದು ಹೋಗುತ್ತಿರಲಿಲ್ಲ, ಮಂಚ ಮಾತ್ರ ಗೋಡೆಯ ಕಡೆಗೇ ಇರುತ್ತಿತ್ತು.”